ಮಳೆ ಬಂದರೆ ನೆಲಮಹಡಿ ಕಮೋಡಲ್ಲಿ ಯುಜಿಡಿ (ಒಳಚರಂಡಿ) ನೀರು ಉಕ್ಕುತ್ತೆ: ವಾಲ್ವ್ ಹಾಕಿಸಿದರೆ ಸಾಕಾ?

ರಿಂಗ್‌ರೋಡ್_ಆಚೆ:
ಮೈಸೂರು ಹೊರವಲಯದ ಬಡಾವಣೆ. 30x40 ಸೈಟುಗಳು, ಬೀದಿಯಲ್ಲಿ ಇಪ್ಪತ್ತು ಮನೆ, ನಮ್ಮದು ಇಳಿಜಾರಿನ ಕೊನೆಯಲ್ಲಿ. ಬಿಸಿಲಿದ್ದಾಗ ಏನೂ ತೊಂದರೆ ಇಲ್ಲ. ಜೋರು ಮಳೆ ಅರ್ಧ ಗಂಟೆ ಹೊಡೆದರೆ ಕಮೋಡ್ ಗುಳುಗುಳು ಅನ್ನುತ್ತೆ, ಆಮೇಲೆ ಬಚ್ಚಲ ಜಾಲರಿಯಿಂದ ಕಪ್ಪು ನೀರು ಮೇಲೆ ಬರುತ್ತೆ. ಮಳೆ ನಿಂತು ಒಂದೆರಡು ಗಂಟೆಯಲ್ಲಿ ತಾನೇ ಇಳಿಯುತ್ತೆ. ಒಬ್ಬ ಪ್ಲಂಬರ್ ನಾನ್‌ರಿಟರ್ನ್ ವಾಲ್ವ್ (ನೀರನ್ನು ಹೊರಗೆ ಮಾತ್ರ ಬಿಟ್ಟು ವಾಪಸ್ ಬರದಂತೆ ತಡೆಯುವುದು) ಹಾಕಿಸಿ ಅಂತಾರೆ, ಇನ್ನೊಬ್ಬರು ಬೀದಿ ಪೈಪನ್ನೇ ದೊಡ್ಡದು ಮಾಡಿಸಬೇಕು ಅಂತಾರೆ. ಮೇಲಿನ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಯಾವುದು ಸರಿ? ದೂರು ಯಾರಿಗೆ ಕೊಡಬೇಕು?

ಲೆವೆಲ್_ಟ್ಯೂಬ್:
ತಾನೇ ಇಳಿಯುತ್ತೆ ಅಂದಿರಲ್ಲ ಸರ್, ಕಾರಣ ಅಲ್ಲೇ ಇದೆ. ಪೈಪ್ ಪೂರ್ತಿ ಕಟ್ಟಿಕೊಂಡಿದ್ದರೆ ಬಿಸಿಲಲ್ಲೂ ಉಕ್ಕುತ್ತಿತ್ತು. ನಿಮ್ಮ ಬೀದಿಯ ಮನೆಗಳು ತಾರಸಿ ನೀರನ್ನು ಯುಜಿಡಿಗೆ ಬಿಟ್ಟಿವೆ.

ಲೆಕ್ಕ ಹಾಕಿ ನೋಡಿ. 30x40 ಅಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ ಒಂದು ಗಂಟೆಯಲ್ಲಿ 25 ಮಿ.ಮೀ. ಮಳೆ ಬಿದ್ದರೆ ಹತ್ತಿರ ಹತ್ತಿರ 2,800 ಲೀಟರ್. ಐದು ಜನರ ಮನೆಯಿಂದ ದಿನಕ್ಕೆ ಒಳಚರಂಡಿಗೆ ಹೋಗುವುದು 540 ಲೀಟರ್ ಆಸುಪಾಸು (ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ ಅನ್ನೋ ಲೆಕ್ಕದಲ್ಲಿ). ಅಂದರೆ ಐದು ದಿನದ ನೀರು ಒಂದೇ ಗಂಟೆಯಲ್ಲಿ ನುಗ್ಗುತ್ತೆ. ಇಪ್ಪತ್ತು ಮನೆಗೆ 56 ಸಾವಿರ ಲೀಟರ್. ಬೀದಿಯಲ್ಲಿ ಹಾಕುವ 150 ಎಂಎಂ ಪೈಪ್, ಕನಿಷ್ಠ ಇಳಿಜಾರಿದ್ದರೆ, ತುಂಬಿ ಹರಿದರೂ ಗಂಟೆಗೆ 40 ಸಾವಿರ ಲೀಟರ್ ಸಾಗಿಸಿದರೆ ಹೆಚ್ಚು. ತಳದಲ್ಲಿ ಹೂಳಿದ್ದರೆ ಅದೂ ಇಲ್ಲ. ಉಳಿದ ನೀರು ಎಲ್ಲಕ್ಕಿಂತ ತಗ್ಗಿನ ಬಾಯಿ ಹುಡುಕುತ್ತೆ, ಅದು ನಿಮ್ಮ ಬಚ್ಚಲು.

ಹಾಗಾಗಿ ಪೈಪ್ ದೊಡ್ಡದು ಮಾಡಿಸುವ ಮಾತು ಬಿಡಿ. ಒಳಚರಂಡಿ ಮಳೆನೀರಿಗಾಗಿ ಇರುವುದಲ್ಲ. 200 ಎಂಎಂ ಹಾಕಿದರೆ ಅದೇ ನೀರು ಮುಂದಿನ ಬೀದಿಯವರ ಮನೆಯಲ್ಲಿ ಉಕ್ಕುತ್ತೆ.

ಯಾರ ಮನೆ ತಾರಸಿ ಸೇರಿದೆ ಅಂತ ಪತ್ತೆ ಮಾಡೋದು ಸುಲಭ. ಮಳೆ ಇಲ್ಲದ ದಿನ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಕೆಟ್ ನೀರಿಗೆ ಕಲಸಿ ತಾರಸಿಯ ಮಳೆನೀರಿನ ಪೈಪಿಗೆ ಸುರಿಯಿರಿ. ಅದೇ ಮನೆಯ ಕಾಂಪೌಂಡ್ ಚೇಂಬರಿನಲ್ಲಿ (ಒಳಚರಂಡಿ ಪೈಪಿನ ಮುಚ್ಚಳವಿರುವ ಗುಂಡಿ) ನೀಲಿ ಕಂಡರೆ ಯುಜಿಡಿಗೆ ಸೇರಿದೆ ಅಂತ ಅರ್ಥ. ಮೊದಲು ನಿಮ್ಮ ಮನೆಯದೇ ನೋಡಿ, ಆಗ ಪಕ್ಕದವರನ್ನು ಕೇಳೋಕೆ ಬಾಯಿ ಬರುತ್ತೆ. ಕಾರ್ ನಿಲ್ಲಿಸೋ ಜಾಗದ ಜಾಲರಿ, ಹಿತ್ತಲ ಮೋರಿ ಇವನ್ನೂ ಮರೆಯಬೇಡಿ.

ಚೇಂಬರ್_ಕೆಲಸ:
ವಾಲ್ವ್ ಬೇಕು, ಆದರೆ ಮೇಲೆ ಬಾಡಿಗೆಯವರಿದ್ದಾರೆ ಅಂದಿರಿ, ಅದನ್ನು ನೋಡದೆ ಹಾಕಿಸಬೇಡಿ. ಬೀದಿ ನೀರು ಒತ್ತಿ ವಾಲ್ವ್ ಮುಚ್ಚಿದಾಗ ನಿಮ್ಮ ಮನೆ ನೀರೂ ಹೊರಗೆ ಹೋಗಲ್ಲ. ಆ ಹೊತ್ತಲ್ಲಿ ಮೇಲಿನವರು ಫ್ಲಶ್ ಮಾಡಿದರೆ, ವಾಷಿಂಗ್ ಮೆಷಿನ್ ನೀರು ಬಿಟ್ಟರೆ ಅದೆಲ್ಲ ಕೆಳಗಿನ ಕಮೋಡಿನಲ್ಲೇ ಏಳುತ್ತೆ. ಜನ ವಾಲ್ವ್ ಕೆಟ್ಟಿತು ಅಂತ ಬೈಯ್ಯೋದು ಇಂಥ ಕಡೆಯೇ. ಮೇಲಿನ ಮಹಡಿಯ ಇಳಿಪೈಪನ್ನು ಬೇರೆ ಮಾಡಿ, ವಾಲ್ವ್ ದಾಟಿದ ಮೇಲೆ ಬೀದಿ ಲೈನಿಗೆ ಸೇರಿಸಿ. ನೆಲಮಹಡಿಯದು ಮಾತ್ರ ವಾಲ್ವ್ ಮೂಲಕ ಹೋಗಲಿ.

ಜಾಗ: ಕಾಂಪೌಂಡ್ ಒಳಗಿನ ಕೊನೆಯ ಚೇಂಬರು, ಬೀದಿಗೆ ಹೋಗುವ 110 ಎಂಎಂ ಪೈಪಿನ ಬಾಯಿ. ಬಾಣದ ಗುರುತು ಬೀದಿ ಕಡೆಗೆ, ಒಳಗಿನ ರೆಕ್ಕೆಯ ಕೀಲು ಮೇಲ್ಗಡೆಗೆ. ಮಣ್ಣಲ್ಲಿ ಹೂತರೆ ಮುಗೀತು, ಆಮೇಲೆ ತೊಳೆಯೋಕೆ ಆಗಲ್ಲ. ಚೇಂಬರ್ 2x2 ಅಡಿ ಇದ್ದರೆ ಕೈ ಆಡುತ್ತೆ. ಮನೆ ಲೈನಿಗೆ ಹತ್ತು ಅಡಿಗೆ ಮೂರು ಇಂಚಿನ ಇಳಿಜಾರು ಇರಲಿ.

ಕೂದಲು, ಅಡುಗೆ ಜಿಡ್ಡು, ಒಂದು ಶಾಂಪೂ ಪ್ಯಾಕೆಟ್ ಸಿಕ್ಕಿಕೊಂಡರೂ ರೆಕ್ಕೆ ಪೂರ್ತಿ ಮುಚ್ಚಲ್ಲ. ನಮ್ಮ ಕಡೆ ಮೇ ತಿಂಗಳ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಏಪ್ರಿಲ್‌ನಲ್ಲಿ ಒಂದು ಸಲ, ಆಗಸ್ಟ್ ಕೊನೆಗೆ ಒಂದು ಸಲ ತೆಗೆದು ತೊಳೆದು, ರಬ್ಬರ್ ಅಂಚು ಬಿರುಸಾಗಿ ಕೆಟ್ಟಿದೆಯಾ ನೋಡಿ.

ಅರ್ಜಿ_ಪ್ರತಿ:
ದೂರಿನ ವಿಚಾರ. ಬಡಾವಣೆ ಯಾರ ಸುಪರ್ದಿಯಲ್ಲಿದೆ ಅನ್ನೋದು ಮೊದಲು ತಿಳಿಯಬೇಕು. 2020ರಲ್ಲಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದಾಗ ಹಳೇ ಗ್ರಾಮ ಪಂಚಾಯಿತಿಗಳ ಬಡಾವಣೆಗಳು ಅವಕ್ಕೆ ಸೇರಿದವು. ಆದರೆ ಕಂದಾಯ ಕಟ್ಟಿಸಿಕೊಂಡ ಮಾತ್ರಕ್ಕೆ ಯುಜಿಡಿ ಹಸ್ತಾಂತರ ಆಗಿದೆ ಅಂತಲ್ಲ. ಖಾಸಗಿ ಬಡಾವಣೆಯಾದರೆ ಹಸ್ತಾಂತರ ಪತ್ರದ ಪ್ರತಿ ಕೇಳಿ. ಅದಿಲ್ಲದಿದ್ದರೆ ನಿಮ್ಮ ಅರ್ಜಿ ಡೆವಲಪರ್, ಅಭಿವೃದ್ಧಿ ಪ್ರಾಧಿಕಾರ, ಸ್ಥಳೀಯ ಸಂಸ್ಥೆ ಅಂತ ಮೂರೂ ಕಡೆ ಸುತ್ತುತ್ತೆ.

"ಯುಜಿಡಿ ಸಮಸ್ಯೆ ಇದೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಉಪಯೋಗ ಇಲ್ಲ. ಯಾವ ಮ್ಯಾನ್‌ಹೋಲು, ಪಕ್ಕದ ಕರೆಂಟ್ ಕಂಬದ ನಂಬರ್ ಏನು, ಮಳೆ ಎಷ್ಟು ಹೊತ್ತಿಗೆ ಶುರುವಾಯ್ತು, ನೀರು ಎಷ್ಟು ಹೊತ್ತಿಗೆ ಉಕ್ಕಿತು, ಇಷ್ಟು ಫೋಟೋ ಸಮೇತ ಇರಲಿ. ಕೇಳುವುದು ಎರಡೇ: ಬೀದಿ ಲೈನಿಗೆ ಜೆಟ್ಟಿಂಗ್ (ಗಾಡಿಯಿಂದ ಜೋರು ಒತ್ತಡದ ನೀರು ಹಾಯಿಸಿ ಹೂಳು ತೆಗೆಯೋದು) ಮಾಡಿಸಿ, ಮಳೆನೀರು ಸೇರಿಸಿರುವ ಮನೆಗಳಿಗೆ ನೋಟಿಸ್ ಕೊಡಿ. ರಸ್ತೆಗೆ ಹೊಸ ಡಾಂಬರು ಬಿದ್ದಿದ್ದರೆ ಮ್ಯಾನ್‌ಹೋಲ್ ಮುಚ್ಚಳ ಅದರಡಿ ಹೂತಿದೆಯಾ ನೋಡಿ. ಹಾಗಿದ್ದರೆ ಎತ್ತರಿಸಲೂ ಬರೆಯಿರಿ, ಇಲ್ಲದಿದ್ದರೆ ಜೆಟ್ಟಿಂಗ್ ಗಾಡಿ ಬಂದೂ ವಾಪಸ್ ಹೋಗುತ್ತೆ. ನಗರಸಭೆಯಾದರೆ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸರ್ಕಾರದ 1902 ಸಹಾಯವಾಣಿಯಲ್ಲೂ ದೂರು ದಾಖಲಿಸಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ: ಬೀದಿಯ ಯುಜಿಡಿ ನಕ್ಷೆ, ಜೆಟ್ಟಿಂಗ್ ಗಾಡಿಯ ಲಾಗ್‌ಬುಕ್ ಪ್ರತಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು.

ದಯವಿಟ್ಟು ಒಂದು ಮಾತು. ಗಾಡಿ ತಡವಾಯ್ತು ಅಂತ ದುಡ್ಡು ಕೊಟ್ಟು ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ. ಒಳಗಿನ ಗಾಳಿಯಲ್ಲಿ ಎರಡು ಉಸಿರು ತೆಗೆಯುವಷ್ಟರಲ್ಲಿ ಜೀವ ಹೋಗಿರುವುದುಂಟು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಇಳಿಸಿದ ಮನೆಯವರ ಮೇಲೂ ಕೇಸ್ ಆಗುತ್ತೆ: ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ರಿಂಗ್‌ರೋಡ್_ಆಚೆ:
ಬಹಳ ಉಪಕಾರ ಆಯ್ತು. ನಮ್ಮ ತಾರಸಿ ಪೈಪೂ ಚೇಂಬರಿಗೇ ಸೇರಿದೆ. ಆದರೆ ಬೀದಿಯಲ್ಲಿ ಮಳೆನೀರು ಚರಂಡಿಯೇ ಇಲ್ಲ. ತಪ್ಪಿಸಿ ಎಲ್ಲಿಗೆ ಬಿಡೋದು?

ಲೆವೆಲ್_ಟ್ಯೂಬ್:
ಸಂಪಿಗೆ ಬಿಡಿ ಸರ್. ಮೊದಲ ಹತ್ತು ನಿಮಿಷದ ಕೊಳೆ ನೀರನ್ನು ಹೊರಗೆ ತಿರುಗಿಸಲು ಪೈಪಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ), ಒಂದು ಬಾಲ್ ವಾಲ್ವ್, ಆಮೇಲೆ ಫಿಲ್ಟರ್. ಸಂಪು ತುಂಬಿದ ಮೇಲಿನದಕ್ಕೆ ಮುಂದಿನ ಖಾಲಿ ಜಾಗದಲ್ಲಿ ಇಂಗುಗುಂಡಿ: 3 ಅಡಿ ವ್ಯಾಸದ ಸಿಮೆಂಟ್ ರಿಂಗು, 10 ಅಡಿ ಆಳ, ಸುಮಾರು 2,000 ಲೀಟರ್ ಹಿಡಿಯುತ್ತೆ. ಪಾಯ, ಸಂಪು ಎರಡರಿಂದಲೂ ದೂರ ಇರಲಿ. ಒಳಗೆ ಜಲ್ಲಿ ತುಂಬಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಹೋಗುತ್ತೆ. ತಳಕ್ಕೆ ಒಂದಡಿ ಜಲ್ಲಿ, ರಿಂಗಿನ ಸುತ್ತ ಜಲ್ಲಿ, ಮೇಲೆ ಗಟ್ಟಿ ಸ್ಲ್ಯಾಬ್, ಅಷ್ಟು ಸಾಕು.

ನಾಲೆ_ಬಯಲು:
ಮಂಡ್ಯ ಕಡೆ ಗದ್ದೆ ಪಕ್ಕದ ಬಡಾವಣೆಯವರು ಇದನ್ನು ಓದುತ್ತಿದ್ದರೆ ಇಂಗುಗುಂಡಿಗೆ ಆತುರ ಬೇಡ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಾಗ ನೆಲದಡಿಯ ನೀರು ಮೇಲಕ್ಕೆ ಬರುವ ಜಾಗದಲ್ಲಿ ಗುಂಡಿ ತಾನೇ ತುಂಬಿ ನಿಲ್ಲುತ್ತೆ. ಅಂಥ ಕಡೆ ಮಳೆ ಇಲ್ಲದೆಯೂ ಯುಜಿಡಿ ತುಂಬಿದರೆ ಪೈಪಿನ ಜಾಯಿಂಟುಗಳಲ್ಲಿ ನೀರು ಒಳಗೆ ಒಸರುತ್ತಿದೆಯಾ ಅಂತ ನೋಡಿಸಿ. ಬೆಳಗಿನ ಜಾವ ಮೂರು ಗಂಟೆಗೆ ಯಾರೂ ನೀರು ಬಳಸದ ಹೊತ್ತಲ್ಲೂ ಲೈನು ಜೋರಾಗಿ ಹರಿಯುತ್ತಿದ್ದರೆ ಅದೇ ಕಾರಣ ಇರಬಹುದು.