ಪದಚರ್ಚೆ: ಗಿಟಾರ್ ಪಿಕಪ್‌ನ 'ಹಮ್', 'ಬಝ್' – ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರ್ ರಿಪೇರಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನಲ್ಲಿ, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗದಲ್ಲಿ, ಬರುವ ಬೇಡದ ಸದ್ದನ್ನು ತಗ್ಗಿಸುವ ಅಧ್ಯಾಯ ಬಾಕಿ ಇದೆ. ಮೂಲದಲ್ಲಿ ಹಮ್, ಬಝ್, ಹಿಸ್, ನಾಯ್ಸ್ ಎಂದು ನಾಲ್ಕು ಮಾತುಗಳು. ನಿಘಂಟುಗಳಲ್ಲಿ ಹುಡುಕಿದರೆ ನಾಲ್ಕೂ ಸುತ್ತಿ ಬಳಸಿ 'ಗದ್ದಲ'ಕ್ಕೇ ಬಂದು ನಿಲ್ಲುತ್ತವೆ. ಅದನ್ನೇ ಹಾಕಿದರೆ ಒಂದು ವಾಕ್ಯ ಹೀಗಾಗುತ್ತದೆ: 'ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಗದ್ದಲ ಕಡಿಮೆಯಾಗುತ್ತದೆ, ಆದರೆ ಗದ್ದಲ ಹಾಗೇ ಉಳಿಯುತ್ತದೆ.' ಓದುವವರು ಏನು ತಿಳಿಯಬೇಕು?

ಹಮ್, ಬಝ್ ಎರಡಕ್ಕೆ ಬೇರೆ ಬೇರೆ ಪದ ಬೇಕು. ಚಿತ್ರದ ಪಕ್ಕದ ಪಟ್ಟಿಗಳಲ್ಲಿ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಂಬಕರ್ (ಎರಡು ಸುರುಳಿಯ ಪಿಕಪ್), ಶೀಲ್ಡಿಂಗ್ (ಒಳಗೆ ಅಂಟಿಸುವ ತಾಮ್ರದ ಹೊದಿಕೆ), ಗ್ರೌಂಡ್ ಇವುಗಳಿಗೂ ಸಲಹೆ ಕೊಡಿ. 'ಪಿಕಪ್' ಹಾಗೇ ಇರಲಿ, ಆ ಚರ್ಚೆ ಬೇಡ. ಇವತ್ತು ರಾತ್ರಿ ಕಡತ ಪುಟವಿನ್ಯಾಸಕ್ಕೆ ಹೋಗುತ್ತದೆ.

———

ಮರುಪತ್ರ 1

ಹಮ್ = ಗುಂಜನ. ಬಝ್ = ಝೇಂಕಾರ. ನಾಯ್ಸ್ = ರವ. ಹಂಬಕರ್ = ಗುಂಜನನಿರೋಧಕ. ಶೀಲ್ಡಿಂಗ್ = ಕವಚ. ಗ್ರೌಂಡ್ = ಭೂಸಂಪರ್ಕ.

ಎಲ್ಲವೂ ಸಿದ್ಧವಾಗಿಯೇ ಇವೆ. ಹೊಸದಾಗಿ ಟಂಕಿಸುವ ಅಗತ್ಯ ಕಾಣುವುದಿಲ್ಲ.

———

ಮರುಪತ್ರ 2

> ಬಝ್ = ಝೇಂಕಾರ

ಒಪ್ಪಲಾಗದು. ಝೇಂಕಾರ ಅಂದರೆ ಹೂದೋಟದ ತುಂಬಿ. ಕೇಳಿದವರಿಗೆ ಹಿತ ಅನ್ನಿಸುವ ಪದ ಅದು. ಕಿವಿಗೆ ಹಿಂಸೆ ಕೊಡುವುದಕ್ಕೆ ಆ ಹೆಸರು ಇಟ್ಟರೆ ಓದುಗರು ಅದನ್ನು ತೆಗೆಯುವುದು ಏಕೆ ಅಂದುಕೊಳ್ಳುತ್ತಾರೆ.

ಹಮ್‌ಗೆ ಕನ್ನಡದ್ದೇ ಪದ ಇದೆ: ಮೊರೆತ. ಹಳಗನ್ನಡದಲ್ಲಿ ತುಂಬಿಯೂ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ. ಕಡಲ ಮೊರೆತ ಈಗಲೂ ಬಳಕೆಯಲ್ಲಿದೆ. ಎಡೆಬಿಡದೆ ಬರುವ ಒಂದೇ ಸಮನಾದ ಉಲಿ ಅನ್ನುವುದೇ ಅದರ ತಿರುಳು. ಇಶ್ಟು ಒಳ್ಳೆಯ ಪದ ಇರುವಾಗ ಗುಂಜನಕ್ಕೆ ಏಕೆ ಕಯ್ ಚಾಚಬೇಕು?

ಪಿಕಪ್ ಬಗ್ಗೆ ಮಾತಾಡಬೇಡಿ ಎಂದಿದ್ದೀರಿ. ಮಾತಾಡಲೇಬೇಕು. ಒಂದು ಎರವಲು ಪದ ಒಳಗೆ ಬಂದರೆ ಅದರ ಹಿಂದೆ ಹತ್ತು ಬರುತ್ತವೆ. 'ಉಲಿಹಿಡುಕ' ಅನ್ನಿ. ಯಾರಿಗೂ ಕಶ್ಟವಾಗದು.

———

ಮರುಪತ್ರ 3

ಮೇಡಂ, ನಾನು ಪಿಕಪ್ ಸುತ್ತುವ ಕೆಲಸ ಮಾಡುವವನು. ಮೊದಲು ವಸ್ತು ಏನು ಎಂದು ನೋಡಿ ಆಮೇಲೆ ಪದಕ್ಕೆ ಬರೋಣ.

ಉಲಿ ಹಿಡಿಯುವುದು ಮೈಕು. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತೇವೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನೈಲಾನ್ ತಂತಿ ಹಾಕಿ ಇಡೀ ದಿನ ಮೀಟಿದರೂ ಆಂಪ್ಲಿಫೈಯರ್ ತುಟಿ ಬಿಚ್ಚುವುದಿಲ್ಲ. 'ಉಲಿಹಿಡುಕ' ತಪ್ಪು ಅರ್ಥ ಕೊಡುತ್ತದೆ.

ಈಗ ಹಮ್. ಹತ್ತಿರದ ಟ್ರಾನ್ಸ್‌ಫಾರ್ಮರ್, ಗೋಡೆಯೊಳಗಿನ ವೈರು, ಮೋಟಾರು ಎಲ್ಲದರ ಸುತ್ತ ಕರೆಂಟಿನ ಲಯಕ್ಕೆ ಏರಿಳಿಯುವ ಕಾಂತಕ್ಷೇತ್ರ ಇರುತ್ತದೆ. ಕೆಲವು ದೇಶಗಳಲ್ಲಿ 50 ಹರ್ಟ್ಸ್, ಕೆಲವೆಡೆ 60. ಸುರುಳಿಗೆ ಆ ಕ್ಷೇತ್ರ ಯಾವುದು, ತಂತಿಯದು ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿಯುತ್ತದೆ. ಹಾಗಾಗಿ ಹಮ್‌ಗೆ ಒಂದು ಶ್ರುತಿ ಇದೆ. 50 ಹರ್ಟ್ಸ್ ಇರುವ ಕಡೆ ಅದರ ಇಮ್ಮಡಿ 100 ಹರ್ಟ್ಸ್ ಕೂಡ ಜೋರಾಗಿ ಕೇಳುತ್ತದೆ. ಗಿಟಾರಿನ ದಪ್ಪ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿದರೆ ಬರುವ ಸ್ವರ 98 ಹರ್ಟ್ಸ್. ಎರಡೂ ಎಷ್ಟು ಹತ್ತಿರ ನೋಡಿ. ಫಿಲ್ಟರ್ ಹಾಕಿ ಹಮ್ ಕತ್ತರಿಸಹೋದರೆ ಸಂಗೀತವೂ ಕತ್ತರಿಸಿ ಹೋಗುತ್ತದೆ.

ಬಝ್ ಬೇರೆ. ಅದರಲ್ಲಿ ಶ್ರುತಿ ಹಮ್‌ನಷ್ಟು ತಿಳಿಯಾಗಿಲ್ಲ, ಕೇಳುವುದು ಗರಗಸದಂಥ ಸದ್ದು. ಡಿಮ್ಮರ್, ಟ್ಯೂಬ್‌ಲೈಟ್ ಇಂಥವುಗಳ ವಿದ್ಯುತ್ ಕ್ಷೇತ್ರ ವೈರಿಂಗಿಗೆ ಅಂಟಿಕೊಂಡು ಬರುವಂಥದ್ದು. ನಮ್ಮ ದೇಹವೂ ಅದನ್ನು ಹೀರಿ ಗಿಟಾರಿಗೆ ದಾಟಿಸುತ್ತದೆ.

ಗುರುತಿಸುವುದು ಸುಲಭ. ಗಿಟಾರ್ ಹಿಡಿದು ಕೂತಲ್ಲೇ ನಿಧಾನವಾಗಿ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಬಹುತೇಕ ಅಡಗಿ ಇನ್ನೊಂದು ದಿಕ್ಕಿನಲ್ಲಿ ಏರಿದರೆ ಅದು ಹಮ್. ತಂತಿ ಮುಟ್ಟಿದ ಕೂಡಲೇ ಕುಗ್ಗಿದರೆ ಅದು ಬಝ್. ತಂತಿಗಳು ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ) ಮೂಲಕ ಗ್ರೌಂಡಿಗೆ ಸೇರಿರುವುದರಿಂದ ಮುಟ್ಟಿದವರ ದೇಹವೂ ಗ್ರೌಂಡಾಗುತ್ತದೆ.

ತಾಮ್ರದ ಹಾಳೆ ಬಝ್ ತಡೆಯುತ್ತದೆ, ಅದೂ ಹಾಳೆಯನ್ನು ಗ್ರೌಂಡಿಗೆ ಬೆಸೆದಿದ್ದರೆ. 50 ಹರ್ಟ್ಸಿನ ಕಾಂತಕ್ಷೇತ್ರ ಅಂಥ ತೆಳು ತಾಮ್ರವನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಮ್ಮ ಮೂಲದ ವಾಕ್ಯ ಸರಿಯಾಗಿಯೇ ಇದೆ.

ಬೆಂಚಿನ ಮುಂದೆ ನಾವು ಆಡುವ ಮಾತು: ಹಮ್ 'ಗುಂಯ್' ಅನ್ನುತ್ತೆ, ಬಝ್ 'ಜರ್ರ್' ಅನ್ನುತ್ತೆ, ಹಿಸ್ 'ಸುಯ್' ಅನ್ನುತ್ತೆ. ಮೂರು ಸಲಹೆಯೂ ಅದೇ.

———

ಮರುಪತ್ರ 4

> ಹಮ್ 'ಗುಂಯ್' ಅನ್ನುತ್ತೆ

ಅನುಕರಣಾವ್ಯಯ. ಅವ್ಯಯಕ್ಕೆ ವಿಭಕ್ತಿ ಹತ್ತುವುದಿಲ್ಲ. ದ್ವಿತೀಯೆಯಲ್ಲಿ ಏನು ಮಾಡುವಿರಿ? ಷಷ್ಠಿಯಲ್ಲಿ? 'ಗುಂಯ್‌ಗುಟ್ಟುವಿಕೆಯನ್ನು' ಎಂದು ಎಳೆದರೆ ಎರಡು ಪದದ ಪಟ್ಟಿಯಲ್ಲಿ ಹಿಡಿಸುತ್ತದೆಯೇ? ತಾಂತ್ರಿಕ ಗ್ರಂಥಕ್ಕೆ ನಾಮಪದ ಬೇಕು. ಗುಂಜನ, ಗುಂಜನವನ್ನು, ಗುಂಜನದ. ನೇರ.

ಮೊರೆತವಾದಿಗಳಿಗೆ: ಇಂದು ಮೊರೆತ ಎಂದರೆ ಸಮುದ್ರದ್ದು, ಅಂದರೆ ಆರ್ಭಟ. ಹಳಗನ್ನಡದ ತುಂಬಿಯನ್ನು ಕರೆತಂದು ಇಂದಿನ ಓದುಗನ ಕಿವಿಯನ್ನು ತಿದ್ದಲಾಗದು.

———

ಮರುಪತ್ರ 5

ಗುಂಜನದ ಮೇಲೆ ಇಶ್ಟು ಒಲವು ಇರುವವರು ಹಂಬಕರ್‌ಗೆ 'ಗುಂಜನತಡೆ' ಅಂದರೆ ಅರಿಸಮಾಸ (ಸಂಸ್ಕ್ರುತ, ಕನ್ನಡ ಪದಗಳನ್ನು ಬೆರೆಸಿದ ತಪ್ಪು ಜೋಡಣೆ) ಎಂದು ತಾವೇ ಮೊದಲು ಕೂಗುತ್ತಾರೆ. ಅದಕ್ಕೇ 'ನಿರೋಧಕ' ತಂದಿದ್ದು. ಒಂದು ಸಂಸ್ಕ್ರುತ ಪದ ಇನ್ನೊಂದನ್ನು ಎಳೆದು ತರುವುದು ಹೀಗೆ. ಕೊನೆಗೆ ವಾಕ್ಯದಲ್ಲಿ ಕನ್ನಡದ್ದಾಗಿ ಉಳಿಯುವುದು 'ಇದೆ', 'ಆಗಿದೆ' ಮಾತ್ರ.

ಅವ್ಯಯಕ್ಕೆ ವಿಬಕ್ತಿ ಹತ್ತದಿದ್ದರೆ 'ಸದ್ದು' ಸೇರಿಸಿ. ಗುಂಯ್‌ಸದ್ದು, ಗುಂಯ್‌ಸದ್ದನ್ನು. ಮೊರೆತ ಬೇಡವಾದರೆ ಇದಕ್ಕೆ ನನ್ನ ತಕರಾರಿಲ್ಲ.

———

ಮರುಪತ್ರ 6

ಸದ್ದು ಶಬ್ದದ ತದ್ಭವ. ಸಂಸ್ಕೃತ ಬೇಡವೆಂದವರು ಸಂಸ್ಕೃತದ ಮಗನನ್ನೇ ಮನೆಗೆ ಕರೆದಿದ್ದೀರಿ.

———

ಮರುಪತ್ರ 7

ಗೊತ್ತಿದೆ. ತದ್ಬವ ನಮ್ಮದೇ. ನಾಲಿಗೆಯ ಮೇಲೆ ಸವೆದು ನಮ್ಮ ದನಿಗೆ ಹೊಂದಿಕೊಂಡದ್ದು ಯಾವುದೇ ಇರಲಿ, ಅದು ಕನ್ನಡ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಅಪಬ್ರಂಶಕ್ಕೆ (ಅಂದರೆ ತದ್ಬವಕ್ಕೆ) ಒಂದು ಪ್ರಕರಣವನ್ನೇ ಮೀಸಲಿಟ್ಟ. ನನ್ನ ಜಗಳ ಎರವಲಿನ ಮೇಲಲ್ಲ, ಸವೆಯಲು ಬಿಡದೆ ಇಡಿಯಾಗಿ ಹೇರುವುದರ ಮೇಲೆ.

———

ಮರುಪತ್ರ 8

ಹಾಗಾದರೆ ಪಿಕಪ್ಪೂ ಸವೆದಿದೆ ಸರ್. ಪಿಕಪ್ಪು, ಪಿಕಪ್ಪಿಗೆ, ಪಿಕಪ್ಪಿನಲ್ಲಿ. ಉಕಾರ ಹತ್ತಿ ವಿಭಕ್ತಿಯೂ ಕೂತಿದೆ. ನಿಮ್ಮ ನಿಯಮದಂತೆಯೇ ಅದು ಕನ್ನಡ. ದಯವಿಟ್ಟು ಬಿಟ್ಟುಬಿಡಿ.

ಹಂಬಕರ್ ವಿಚಾರದಲ್ಲಿ ಇಬ್ಬರಿಗೂ ಒಂದು ಮಾತು. ನಿರೋಧಕವೂ ಅಲ್ಲ, ತಡೆಯೂ ಅಲ್ಲ. ಹಂಬಕರ್ ಗುಂಯ್‌ಸದ್ದನ್ನು ತಡೆಯುವುದೇ ಇಲ್ಲ. ಅದರ ಎರಡೂ ಸುರುಳಿಗಳು ಸದ್ದನ್ನು ಪೂರ್ತಿ ಒಳಗೆ ಬಿಟ್ಟುಕೊಂಡು ಒಂದರದ್ದರಿಂದ ಇನ್ನೊಂದರದ್ದನ್ನು ಕಳೆಯುತ್ತವೆ. ಎರಡನೇ ಸುರುಳಿಯನ್ನು ತಿರುವುಮುರುವಾಗಿ ಜೋಡಿಸಿ ಅದರ ಆಯಸ್ಕಾಂತದ ಧ್ರುವವನ್ನೂ ತಿರುಗಿಸಿರುತ್ತಾರೆ. ತಂತಿಯ ಸಂಕೇತ ಎರಡು ಸಲ ತಿರುಗುತ್ತದೆ, ಹಾಗಾಗಿ ಮತ್ತೆ ನೆಟ್ಟಗಾಗಿ ಮೊದಲನೆಯದರ ಜೊತೆ ಕೂಡುತ್ತದೆ. ಹೊರಗಿನ ಗುಂಯ್‌ಗೂ ಆ ಆಯಸ್ಕಾಂತಕ್ಕೂ ಸಂಬಂಧವಿಲ್ಲ. ಅದು ಒಂದೇ ಸಲ ತಿರುಗುತ್ತದೆ, ಹಾಗಾಗಿ ಕಳೆದುಹೋಗುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಅರ್ಜಿ ಹಾಕಿ 1959ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಪಿಕಪ್ಪಿಗೆ. ಗಿಟಾರಿಗೆ ಬರುವ ಮೊದಲೇ, 1930ರ ದಶಕದ ಲೌಡ್‌ಸ್ಪೀಕರುಗಳಲ್ಲಿ ಹಮ್ ಕಳೆಯುವ ಸುರುಳಿ ಇರುತ್ತಿತ್ತು. ಕ್ರಿಯಾಪದ 'ಕಳೆ' ಆಗಿರಲಿ.

ಮೂರು ಸಿಂಗಲ್ ಕಾಯಿಲ್ ಇರುವ ಗಿಟಾರುಗಳಲ್ಲಿ ನಡುವಿನದನ್ನು ಹೀಗೇ ತಿರುವುಮುರುವಾಗಿ ಮಾಡಿದ್ದರೆ ಐದು ಸ್ಥಾನದ ಸ್ವಿಚ್ಚಿನ 2 ಮತ್ತು 4ರಲ್ಲಿ, ಅಂದರೆ ನಡುವಿನದೂ ಪಕ್ಕದ್ದೂ ಒಟ್ಟಿಗೆ ಕೆಲಸ ಮಾಡುವ ಕಡೆ, ಗುಂಯ್ ಬಹುತೇಕ ಮಾಯವಾಗುತ್ತದೆ. ಕೈಪಿಡಿ ಓದುವವರು ಮೊದಲು ಮಾಡಿ ನೋಡುವ ಪರೀಕ್ಷೆ ಅದೇ. ಅಲ್ಲಿ 'ತಡೆಯುತ್ತದೆ' ಎಂದು ಬರೆದರೆ ಅವರು ನಡುವಿನ ಪಿಕಪ್ಪಿಗೆ ತಾಮ್ರ ಸುತ್ತಲು ಕೂರುತ್ತಾರೆ.

ಇನ್ನು 'ಭೂಸಂಪರ್ಕ'. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ ಮೇಡಂ. ಗಿಟಾರಿನೊಳಗಿನ ಗ್ರೌಂಡ್ ಎಂದರೆ ಸರ್ಕ್ಯೂಟಿನ ಎಲ್ಲ ವೈರುಗಳು ಮರಳಿ ಸೇರುವ ಬಿಂದು. ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿರುವುದು ಅರ್ತ್, ಜೀವ ಉಳಿಸುವ ವೈರು. ಎರಡಕ್ಕೂ ಒಂದೇ ಪದ ಹಾಕಿದರೆ 'ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸದ್ದು ಹುಟ್ಟಿಸುವ ಸುತ್ತು) ಬಿಡಿಸಿ' ಎಂಬ ಮಾತು 'ಭೂಸಂಪರ್ಕ ತೆಗೆಯಿರಿ' ಎಂದಾಗುತ್ತದೆ. ಪ್ಲಗ್ಗಿನ ಅರ್ತ್ ಕಿತ್ತರೆ ಸದ್ದು ನಿಲ್ಲಬಹುದು. ಆದರೆ ಆಂಪ್ಲಿಫೈಯರಿನಲ್ಲಿ ದೋಷವಿದ್ದ ದಿನ ತಂತಿಗಳೇ ಶಾಕ್ ಹೊಡೆಯುತ್ತವೆ, ನುಡಿಸುತ್ತಿರುವವರ ಕೈ ಆ ತಂತಿಗಳ ಮೇಲೇ ಇರುತ್ತದೆ. ದಯವಿಟ್ಟು ಒಳಗಿನದಕ್ಕೆ ಗ್ರೌಂಡ್, ಪ್ಲಗ್ಗಿನದಕ್ಕೆ ಅರ್ತ್. ಇಲ್ಲಿ ಶುದ್ಧ ಕನ್ನಡದ ಹಟ ಬೇಡ, ಸಂಸ್ಕೃತದ ಹಟವೂ ಬೇಡ.

———

ಮರುಪತ್ರ 9

ಅಪಾಯದ ಮಾತು ಒಪ್ಪಿದೆ. ಗುಂಯ್‌ಸದ್ದು ಒಪ್ಪಿಲ್ಲ. 'ಕಳೆ' ಎಂದರೆ ಹೊಲದಲ್ಲಿ ಬೆಳೆಯುವುದೂ ಹೌದು, ಮುಖದ ಮೇಲೆ ಇರುವುದೂ ಹೌದು. ಪಟ್ಟಿಯಲ್ಲಿ ಎಚ್ಚರದಿಂದ ಬಳಸಿ.

———

ಮರುಪತ್ರ 10

ಎಲ್ಲರಿಗೂ ಧನ್ಯವಾದ. ಕಡತ ಕಳಿಸುವ ಮುಂಚೆ ಹೀಗೆ ಮಾಡಿದ್ದೇನೆ.

ಹಮ್‌ಗೆ ಗುಂಯ್‌ಸದ್ದು, ಬಝ್‌ಗೆ ಜರ್ರ್‌ಸದ್ದು, ಹಿಸ್‌ಗೆ ಸುಯ್‌ಸದ್ದು. ಮೂರನ್ನೂ ಒಟ್ಟಿಗೆ ಹೇಳುವಲ್ಲಿ 'ಬೇಡದ ಸದ್ದು'. ಮೊರೆತ ಚೆಂದದ ಪದ, ಆದರೆ ಬಝ್‌ಗೆ ಅದರ ಜೋಡಿ ಸಿಗಲಿಲ್ಲ. ಗುಂಜನ ಕೈಬಿಟ್ಟೆ, ಗಿಟಾರ್ ಬಿಚ್ಚಿ ಕೂತವರು ಕಿವಿಗೊಟ್ಟು ಹೋಲಿಸಿ ನೋಡಬೇಕು, ಅದಕ್ಕೆ ಪದವೇ ಸದ್ದು ಮಾಡಿದರೆ ಒಳ್ಳೆಯದು. ಪಿಕಪ್, ಹಂಬಕರ್ ಹಾಗೇ ಇವೆ. ಹಂಬಕರ್ ಮೊದಲ ಸಲ ಬರುವಲ್ಲಿ 'ಗುಂಯ್‌ಸದ್ದನ್ನು ಕಳೆಯುವ ಜೋಡಿಸುರುಳಿ ಪಿಕಪ್' ಎಂದು ಬಿಡಿಸಿದ್ದೇನೆ. ಶೀಲ್ಡಿಂಗ್‌ಗೆ ಕವಚ. ಗ್ರೌಂಡ್, ಅರ್ತ್ ಬೇರೆ ಬೇರೆ. ಅರ್ತ್ ಕೀಳಬಾರದೆಂಬ ಎಚ್ಚರಿಕೆಯನ್ನು ಆ ಪುಟದಲ್ಲೇ ಚೌಕಟ್ಟಿನೊಳಗೆ ಹಾಕಿಸಿದ್ದೇನೆ.

ಮೊದಲು ಕೊಟ್ಟ ವಾಕ್ಯ ಈಗ ಹೀಗಿದೆ: 'ಒಳಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡಿಗೆ ಬೆಸೆದರೆ ಜರ್ರ್‌ಸದ್ದು ಕಡಿಮೆಯಾಗುತ್ತದೆ, ಗುಂಯ್‌ಸದ್ದು ಹಾಗೇ ಉಳಿಯುತ್ತದೆ.'

———

ಮರುಪತ್ರ 11

ಬಝ್‌ಗೆ ಜೋಡಿ ಬೇಕಿದ್ದರೆ 'ಕೊರೆತ' ಇತ್ತು. ಮೊರೆತ, ಕೊರೆತ. ಮುಂದಿನ ಮುದ್ರಣಕ್ಕಾದರೂ ನೋಡಿ.