ಎಲ್ಲಾ ಭಾಷೆಗೂ ಒಂದೇ ವಿಎಂ ಯಾಕಾಗಲ್ಲ?

ಮಲ್ನಾಡ್_ಕೋಡ್:
ನಮ್ಮಲ್ಲಿ ಸರ್ವರ್ ಜಾವಾದು, ಡೇಟಾ ಕೆಲಸಕ್ಕೆ ಪೈಥಾನ್, ಈಗ ಚಾಟ್‌ಗೆ ಅಂತ ಎಲಿಕ್ಸರ್ ಬೇರೆ ಬಂತು, ಮೂರಕ್ಕೂ ಮೂರು ವಿಎಂ (ಪ್ರೋಗ್ರಾಂ ಓಡಿಸೋ ವರ್ಚುವಲ್ ಮೆಷಿನ್), ಮೂರು ಥರ ಟ್ಯೂನಿಂಗ್, ರಾತ್ರಿ ಏನಾದ್ರೂ ಬಿದ್ರೆ ಮೂರು ಥರ ಲಾಗ್ ಓದ್ಬೇಕು. ಎಲ್ಲಾ ಕೊನೆಗೆ ಬೈಟ್‌ಕೋಡೇ (ವಿಎಂ ಓದೋ ಸೂಚನೆಗಳು) ತಾನೆ? ಸೇರಿಸಿ ಒಂದೇ ಮಾಡೋಕೆ ಏನ್ ಅಡ್ಡಿ, ಯಾರೂ ಟ್ರೈ ಮಾಡಿಲ್ವಾ?

ಹೀಪ್_ನೋಡು:
ಬೈಟ್‌ಕೋಡ್ ದೊಡ್ಡ ವಿಷಯ ಅಲ್ಲ ಗುರು. ಜಾವಾ ಓಡೋ ಜೆವಿಎಂದು ಸ್ಟ್ಯಾಕ್ (ಲೆಕ್ಕದ ಮೌಲ್ಯಗಳನ್ನ ಒಂದರ ಮೇಲೊಂದು ಪೇರಿಸೋದು), ಎಲಿಕ್ಸರ್ ಓಡೋ ಬೀಮ್‌ದು ರಿಜಿಸ್ಟರ್ (ನಂಬರ್ ಹಾಕಿದ ಗೂಡುಗಳಲ್ಲಿ ಇಡೋದು), ಅದನ್ನ ಇದಕ್ಕೆ ಬದಲಾಯಿಸ್ಬಹುದು. ಕಷ್ಟ ಇರೋದು ಮೆಮೊರಿಲಿ. ಬೀಮ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ (ಅದರೊಳಗೆ ಓಡೋ ಪುಟ್ಟ ಕೆಲಸ) ತನ್ನದೇ ಪುಟ್ಟ ಹೀಪ್ (ಡೇಟಾ ಇಡೋ ಮೆಮೊರಿ ಜಾಗ), ಗಾರ್ಬೇಜ್ ಕಲೆಕ್ಷನ್ನೂ (ಬೇಡದ ಡೇಟಾ ತೆರವು ಮಾಡೋದು) ಅದರ ಮಟ್ಟಿಗಷ್ಟೇ, ಒಂದು ಕ್ರ್ಯಾಶ್ ಆದ್ರೆ ಅದರ ಡೇಟಾ ಅದರ ಜೊತೆನೇ ಹೋಗತ್ತೆ, ಪಕ್ಕದ್ದು ಕೆಡಲ್ಲ, ಅದಕ್ಕೇ ಲಕ್ಷಗಟ್ಟಲೆ ಪ್ರೋಸೆಸ್ ಇಟ್ರೂ ತಡ್ಕೊಳತ್ತೆ. ಜೆವಿಎಂನಲ್ಲಿ ಥ್ರೆಡ್ಡುಗಳೆಲ್ಲಾ (ಒಟ್ಟಿಗೆ ಓಡೋ ಕೆಲಸದ ಎಳೆಗಳು) ಒಂದೇ ಹೀಪ್ ಹಂಚ್ಕೊಳತ್ವೆ. ಜೆವಿಎಂ ಕೂಡು ಕುಟುಂಬ, ಬೀಮ್ ಮನೆಗೊಂದು ಒಲೆ. 2023ರಲ್ಲಿ ಜಾವಾ 21ಕ್ಕೆ ವರ್ಚುವಲ್ ಥ್ರೆಡ್ ಬಂದು ಥ್ರೆಡ್ ಅಗ್ಗ ಆಯ್ತು, ನಿಜವಾಗ್ಲೂ ಒಳ್ಳೇ ಕೆಲಸ, ಆದ್ರೆ ಹೀಪ್ ಮಾತ್ರ ಈಗ್ಲೂ ಒಂದೇ.

ಹಳೇ_ಪರ್ಲ್:
ಟ್ರೈ ಮಾಡಿದಾರೆ, ಪ್ಯಾರಟ್ ಅಂತ. 2001ರ ಏಪ್ರಿಲ್ ಫೂಲ್ ತಮಾಷೆಲಿ ಪರ್ಲ್ ಪೈಥಾನ್ ಸೇರಿ ಪ್ಯಾರಟ್ ಅನ್ನೋ ಭಾಷೆ ಆಗತ್ತೆ ಅಂದಿದ್ರು, ಆಮೇಲೆ ಪರ್ಲ್ 6ರವರು ಅದೇ ಹೆಸರಲ್ಲಿ ನಿಜವಾದ ವಿಎಂ ಕಟ್ಟೋಕೆ ಶುರು ಮಾಡಿದ್ರು. ಪರ್ಲ್, ಪೈಥಾನ್ ಥರದ ಡೈನಮಿಕ್ ಭಾಷೆಗಳೆಲ್ಲಾ (ಟೈಪನ್ನ ಓಡುವಾಗ್ಲೇ ನೋಡೋವು) ಅದರ ಮೇಲೇ ಓಡ್ಬೇಕು ಅನ್ನೋ ಆಸೆ. 1.0 ಬರೋ ಹೊತ್ತಿಗೆ 2009. ಕೊನೆಗೆ ಪರ್ಲ್ 6ರ ಕಂಪೈಲರ್ ರಾಕುಡೋನೇ ಅದನ್ನ ಬಿಟ್ಟು ತನಗೆ ಅಂತ್ಲೇ ಮಾಡಿದ ಮೋರ್‌ವಿಎಂಗೆ ಹೋಯ್ತು. ನನಗೆ ಅದು ಈಗ್ಲೂ ಬೇಜಾರೇ.

ಸಿ_ಕೊಂಡಿ:
ಪೈಥಾನ್ ಕಥೆ ಇನ್ನೊಂದು. ಲೆಕ್ಕದ ಲೈಬ್ರರಿ ನಂಪೈ ಥರದ ಸಿ ಎಕ್ಸ್‌ಟೆನ್ಷನ್‌ಗಳು (ಸಿ ಭಾಷೇಲಿ ಬರೆದ ಸೇರ್ಪಡೆಗಳು) ಮಾಮೂಲಿ ಪೈಥಾನ್ ಆದ ಸಿಪೈಥಾನ್‌ನ ರೆಫರೆನ್ಸ್ ಕೌಂಟನ್ನ (ಒಂದು ಡೇಟಾನ ಎಷ್ಟು ಕಡೆ ಬಳಸ್ತಿದಾರೆ ಅನ್ನೋ ಎಣಿಕೆ) ತಾವೇ ಏರಿಸಿ ಇಳಿಸ್ತವೆ, ಬೇರೆ ವಿಎಂಗೆ ಹೋದ್ರೆ ಅದನ್ನೆಲ್ಲಾ ನಟಿಸಿ ತೋರಿಸ್ಬೇಕು. ಜೆವಿಎಂ ಮೇಲೆ ಓಡೋ ಪೈಥಾನ್, ಅಂದ್ರೆ ಜೈಥಾನ್, ಪೈಥಾನ್ 2.7ರಲ್ಲೇ ನಿಂತಿದೆ. ಅಲ್ಲೇ ಓಡೋ ರೂಬಿ, ಜೆರೂಬಿ ಮಾತ್ರ ಚೆನ್ನಾಗಿದೆ, 2011ರ ಜಾವಾ 7ರಲ್ಲಿ ಇನ್ವೋಕ್‌ಡೈನಮಿಕ್ (ಯಾವ ಮೆಥಡ್ ಕರೀಬೇಕು ಅಂತ ಓಡುವಾಗ ತೀರ್ಮಾನಿಸೋ ಸೂಚನೆ) ಬಂದಿದ್ದು ಅದಕ್ಕೆ ತುಂಬಾ ಅನುಕೂಲ ಆಯ್ತು. ಸದ್ಯಕ್ಕೆ ನೋಡೋದಾದ್ರೆ ಹಲವು ಭಾಷೆ ಓಡಿಸೋ ಗ್ರಾಲ್‌ವಿಎಂ ನೋಡಿ, ಜಾವಾ ಒಳಗಿಂದ್ಲೇ ಪೈಥಾನ್ ಕರೀಬಹುದು, ಆದ್ರೆ ನಿಮ್ಮ ಲೈಬ್ರರಿಗಳು ಓಡ್ತವಾ ಅಂತ ಮೊದ್ಲು ಪರೀಕ್ಷೆ ಮಾಡಿ.

ಮಲ್ನಾಡ್_ಕೋಡ್:
ಥ್ಯಾಂಕ್ಸ್ ಎಲ್ಲರಿಗೂ. ಹೀಪ್ ವಿಷಯ ನಾನು ಯೋಚ್ನೆನೇ ಮಾಡಿರ್ಲಿಲ್ಲ. ಎಲಿಕ್ಸರನ್ನ ಹಾಗೇ ಬಿಟ್ಟು, ಪೈಥಾನ್‌ದು ಒಂದು ಸಣ್ಣ ಸ್ಕ್ರಿಪ್ಟ್ ಗ್ರಾಲ್ ಮೇಲೆ ಓಡಿಸಿ ನೋಡ್ತೀನಿ.