ಅಪ್‌ಡೇಟ್: ಕನ್ನಡ ಓದದ ಸ್ಕ್ರೀನ್ ರೀಡರ್ ಮತ್ತು ತಮ್ಮನ ತರಬೇತಿ

ದೃಷ್ಟಿಯನ್ನು ಪೂರ್ತಿ ಕಳೆದುಕೊಂಡಿರುವ ನನ್ನ ತಮ್ಮನಿಗೆ ಮೈಸೂರಿನ ವೃತ್ತಿ ತರಬೇತಿ ಕೇಂದ್ರವೊಂದರಲ್ಲಿ ಲ್ಯಾಪ್‌ಟಾಪ್ ಕೊಟ್ಟಿದ್ದರೂ, ಅದರ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಕನ್ನಡ ಕಡತಗಳನ್ನು ಓದುತ್ತಿಲ್ಲ, ದುಬಾರಿ ತಂತ್ರಾಂಶ ಕೊಳ್ಳಬೇಕೇ ಎಂದು ಹಿಂದೆ ಕೇಳಿದ್ದೆ. ಕೊಳ್ಳಬೇಕಾಗಲಿಲ್ಲ.

ದೋಷವಿದ್ದದ್ದು ಕಡತಗಳಲ್ಲಿ. ಪಾಠಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಆ ಫಾಂಟು ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸುವುದರಿಂದ, ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಗಣಕಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿಯೇ ಉಳಿದು, ಸ್ಕ್ರೀನ್ ರೀಡರ್ ಅದನ್ನೇ ಓದುತ್ತಿತ್ತು. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ, ಇ-ಸ್ಪೀಕ್ ಧ್ವನಿಯಲ್ಲಿ ಎಲ್ಲವನ್ನೂ ಓದತೊಡಗಿತು. ಆ ಯಾಂತ್ರಿಕ ಧ್ವನಿ ನನ್ನ ಕಿವಿಗಂತೂ ಹಿತವಲ್ಲ. ತಮ್ಮ ಮಾತ್ರ ಅದಕ್ಕೆ ಒಗ್ಗಿಕೊಂಡು, ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಕೇಳುತ್ತಾನೆ. ಪರಿವರ್ತನೆಯಲ್ಲಿ ಕೆಟ್ಟಿದ್ದ ಒತ್ತಕ್ಷರಗಳನ್ನು ಮಂಡ್ಯದ ಮನೆಯಲ್ಲಿ ಕುಳಿತು ನಾನೇ ತಿದ್ದಿದೆ. ಸ್ಕ್ಯಾನ್ ಮಾಡಿದ ಪುಟಗಳು ಬರೀ ಚಿತ್ರಗಳಾದ್ದರಿಂದ ಅವುಗಳಿಗೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಬೇಕಾಯಿತು.

"ಲ್ಯಾಪ್‌ಟಾಪ್ ಕೊಟ್ಟಾಯಿತಲ್ಲ" ಎಂದಿದ್ದ ಕೇಂದ್ರದವರು ಈಗ ಹೊಸ ಪಾಠಗಳನ್ನು ಯೂನಿಕೋಡಿನಲ್ಲೇ ಸಿದ್ಧಪಡಿಸುತ್ತಿದ್ದಾರೆ. ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಕಲ್ಪಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಆದರೆ ನನ್ನ ತಮ್ಮ ಕೆಲಸಕ್ಕೆ ಅರ್ಜಿ ಹಾಕಿರುವುದು ಖಾಸಗಿ ಕಚೇರಿಗಾದ್ದರಿಂದ, ಅಲ್ಲಿನ ಕಡತಗಳು ಯಾವ ಫಾಂಟಿನಲ್ಲಿವೆಯೆಂದು ಮೊದಲೇ ವಿಚಾರಿಸಿದ್ದೇವೆ.